ಅಕ್ಕ-ತಂಗೆ ಆಡ್ಲಾಗದ್ದ ಆಟ

ಆಟಿ ತಿಂಗಳು ಸುರುವಾದರೆ ಎಂಗಳ ಅಪ್ಪನ ಮನೆಲಿ ಅಟ್ಟಂದ ಎರಡು ವಸ್ತು ಕೆಳ ಇಳಿಗು. ಒಂದು ಹಲಸಿನ ಹಪ್ಪಳದ ಡಬ್ಬಿ, ಇನ್ನೊಂದು ಚೆನ್ನೆಮಣೆ. ಹಪ್ಪಳಕ್ಕೆ ಆರ ಅಡ್ಡಿಯೂ ಇಲ್ಲೆ. ಚೆನ್ನೆಮಣೆಯ ಚಾವಡಿಲಿ ಮಡುಗಿದ ಕೂಡ್ಲೇ ಅಜ್ಜಿ ಎನ್ನನ್ನೂ ಅಕ್ಕನನ್ನೂ ಒಂದರಿ ನೋಡಿಕ್ಕಿ ಹೇಳುಗು: "ನಿಂಗೊ ಇಬ್ರು ಎದುರೆದುರು ಕೂಪಲಾಗ, ಆತೊ? ಅಕ್ಕ-ತಂಗೆ ಆಡ್ಲಾಗ."

"ಎಂತಕೆ ಅಜ್ಜಿ?"

"ಆಡ್ಲಾಗ ಹೇಳಿರೆ ಆಡ್ಲಾಗ."

ಹಾಂಗಾಗಿ ಅಕ್ಕ ಆಚಮನೆಯ ಕೂಸಿನೊಟ್ಟಿಂಗೆ ಆಡುಗು. ಆನು ಕರೆಲಿ ಕೂದುಗೊಂಡು ನೋಡುದು. ಅಕ್ಕ ಎದ್ದು ಹೋದ ಮತ್ತೆ ಎನ್ನ ಸರದಿ. ಆನು ಚೆನ್ನೆ ಕಲ್ತದು ಅಬ್ಬೆಂದಲೂ ಅಲ್ಲ, ಅಕ್ಕನಿಂದಲೂ ಅಲ್ಲ, ಆ ಆಚಮನೆಯ ಚೆಂಙಾಯಿಯಿಂದ. ಅದು ಎನ್ನಂದ ಎರಡು ವರ್ಷ ದೊಡ್ಡ. ಕಲಿಶುದು ಹೇಳಿರೆ ಬಾಯಿಲಿ ಒಂದು ಮಾತೂ ಹೇಳಿಗೊಂಡಿತ್ತಿಲ್ಲೆ. ಸೋಲುಸಿ ಸೋಲುಸಿಯೇ ಕಲಿಶಿತ್ತು.

ಈಗಾಣ ಕೂಸುಗೊಕ್ಕೆ ಮಣೆಯನ್ನೇ ನೋಡಿ ಗೊಂತಿರ, ಹಾಂಗಾಗಿ ರಜ ವಿವರ ಹೇಳ್ತೆ. ಗೊಂತಿಪ್ಪ ಅತ್ತೆಕ್ಕೊ ಈ ಭಾಗ ಬಿಟ್ಟು ಮುಂದೆ ಓದಿ. ಒಂದೇ ಮರದ ತುಂಡಿಲ್ಲಿ ಎರಡು ಸಾಲು, ಸಾಲಿಂಗೆ ಏಳು ಗುಳಿ, ಒಟ್ಟು 14. ಗೆದ್ದ ಕಾಯಿ ಹಾಕುಲೆ ಎರಡು ಕೊಡಿಲಿಯೂ ಒಂದೊಂದು ದೊಡ್ಡ ಗುಳಿ. ಗುಳಿಗೆ ನಾಲ್ಕರ ಹಾಂಗೆ 56 ಕಾಯಿ. ಎಂಗಳಲ್ಲಿ ಕೆಂಪು ಮಂಜೊಟ್ಟಿಕಾಯಿ, ಸಾಲದ್ದರೆ ಪುಳಿಂಕೊಟೆ. ನಮ್ಮ ಸಾಲಿನ ಒಂದು ಗುಳಿಯ ಕಾಯಿ ಪೂರಾ ತೆಗದು ಬಲತ್ತಿಂಗೆ ಒಂದೊಂದೇ ಹಾಕಿಗೊಂಡು ಹೋಯೆಕ್ಕು. ಕೈ ಖಾಲಿ ಅಪ್ಪಗ ಮುಂದಾಣ ಗುಳಿಯ ಕಾಯಿ ತೆಗದು ಪುನಾ ಹಾಕುದು. ಮುಂದಾಣ ಗುಳಿ ಖಾಲಿ ಇದ್ದರೆ, ಅದರಿಂದ ಆಚಿಗಾಣ ಗುಳಿಲಿ ಎಷ್ಟು ಇದ್ದೋ ಅಷ್ಟೂ ನಮ್ಮದು. ಅಲ್ಲಿಗೆ ಆಟ ಎದುರಾಣವಕ್ಕೆ. ಎಡೆಲಿ ಏವದಾದರೂ ಗುಳಿಲಿ ಕಾಯಿ ಕೂಡಿ ನಾಲ್ಕಾದರೆ ಆ ಗುಳಿ ಆರದ್ದೋ ಅವು ತೆಕ್ಕೊಂಬದು. ಮನೆಂದ ಮನೆಗೆ ಕ್ರಮ ರಜ ಬೇರೆ ಬೇರೆ. ನಿಂಗಳಲ್ಲಿ ಹೀಂಗಲ್ಲದ್ದರೆ ಎನ್ನ ಬೈಯೆಡಿ.

ಕವಡೆ ಇಲ್ಲೆ, ದಾಳ ಇಲ್ಲೆ. ಚೌಕಾಬಾರಲ್ಲಿ ಸೋತರೆ ಕವಡೆಯ ಬೈವಲಕ್ಕು. ಇಲ್ಲಿ ಬೈವಲೆ ನಾವೇ ಇಪ್ಪದು.

ಆನು ಒಂದು ಮಳೆಗಾಲ ಪೂರಾ ಏವ ಗುಳಿಂದ ಸುರು ಮಾಡಿರೆ ಲಾಭ ಹೇಳಿ ತಲೆ ಕೆಡುಸಿಗೊಂಡಿತ್ತಿದ್ದೆ. ಚೆಂಙಾಯಿ ನೆಗೆ ಮಾಡಿತ್ತು. ಸುರುವಾಣ ಆಟಲ್ಲಿ ಏವ ಗುಳಿಂದ ತೆಗದರೂ, ಏಳು ಸರ್ತಿ ಕಾಯಿ ತೆಗದು ಹಾಕಿಯಪ್ಪಗ ಕೈಗೆ ಸಿಕ್ಕುದು ಆರೇ ಕಾಯಿ. ನಂಬಿಕೆ ಬಾರದ್ದರೆ 14 ಗಿಣ್ಣಾಲು ಸಾಲಿಂಗೆ ಮಡುಗಿ ಒಂದರಿ ಹಾಕಿ ನೋಡಿ. ಎಲ್ಲ ಗುಳಿಲಿಯೂ ನಾಲ್ಕೇ ಇಪ್ಪ ಕಾರಣ ಎಲ್ಲಿಂದ ಹೆರಟರೂ ದಾರಿ ಒಂದೇ. ಬುದ್ಧಿ ಬೇಕಪ್ಪದು ಅಲ್ಲಿಂದ ಮತ್ತೆ, ಆರು ಕಾಯಿ ಹೋಗಿ 50 ಒಳುದಪ್ಪಗ. ಕಾಯಿಯ ಕೈಗೆ ತೆಕ್ಕೊಂಡು ಲೆಕ್ಕ ಮಾಡ್ಲಾಗ, ಕಣ್ಣಿಲ್ಲೇ ಮಾಡೆಕ್ಕು. ಎನ್ನ ಗುಳಿಲಿ ಒಂಬತ್ತು ಹತ್ತು ಕಾಯಿ ರಾಶಿ ಬಿದ್ದರೆ ಆನು ಕೊಶಿಲಿ ಕೂರುಗು. ಆ ರಾಶಿಂದ ಮದಲಾಣ ಗುಳಿ ಖಾಲಿ ಇದ್ದು ಹೇಳಿ ಎನಗೆ ಅಂದಾಜೇ ಆಗಿರ್ತಿಲ್ಲೆ. ಚೆಂಙಾಯಿ ಸರಿಯಾಗಿ ಅದರ ಹಿಂದಾಣ ಗುಳಿಗೆ ಕಾಯಿ ಮುಗುಶುಗು. ಎನ್ನ ರಾಶಿ ಪೂರಾ ಅದರ ಮಡಿಲಿಂಗೆ. ರಾಶಿ ಮಾಡುದು ದೊಡ್ಡದಲ್ಲ, ಅದರ ಮದಲಾಣ ಗುಳಿಯ ಖಾಲಿ ಬಿಡದ್ದೆ ಇಪ್ಪದು ಹೇಳುದು ಎನ್ನ ತಲಗೆ ಹೋಪಲೆ ಎರಡು ಆಟಿ ಬೇಕಾತು.

ಎಂಗಳ ಅಜ್ಜಿಗೆ ಮದುವೆ ಅಪ್ಪಗ ಹನ್ನೊಂದು ವರ್ಷ. ಕೂಸುಗೊಕ್ಕೆ 14 ಆಗದ್ದೆ ಮದುವೆ ಮಾಡ್ಲಾಗ ಹೇಳುವ ಶಾರದಾ ಕಾಯಿದೆ ಬಂದದು 1929ರಲ್ಲಿ. ಅಜ್ಜಿಯ ಮದುವೆ ಅದರಿಂದ ಮದಲೇ ಕಳುದಿತ್ತು. ಶಾಲೆಗೆ ಹೋದ್ದು ಎರಡನೇ ಕ್ಲಾಸಿನವರೆಗೆ. ಆದರೆ ಅಡಕ್ಕೆ ಲೆಕ್ಕಲ್ಲಿ ಅಜ್ಜನ ತಪ್ಪು ಹಿಡಿವದು ಅಡಿಗೆಒಳಂದಲೇ. ಆ ಲೆಕ್ಕ ಎಲ್ಲಿ ಕಲ್ತೆ ಹೇಳಿ ಕೇಳಿರೆ ಅಟ್ಟದ ಹೊಡೆಂಗೆ ಕೈ ತೋರುಸುಗು.

ಅಂಬಗ ಆ "ಆಡ್ಲಾಗ" ಎಲ್ಲಿಂದ ಬಂತು? ಎನಗೆ ಉತ್ತರ ಸಿಕ್ಕಿದ್ದು ಗೆದ್ದೆ ಕೆಲಸಕ್ಕೆ ಬಂದುಗೊಂಡಿದ್ದ ಹೆಮ್ಮಕ್ಕಳ ಹತ್ರಂದ. ನೇಜಿ ನೆಡುವಗ ಅವು ಸಿರಿಯ ಪಾಡ್ದನ ಹೇಳುಗು. ಸಿರಿಯ ಮಗಳು ಸೊನ್ನೆ. ಸೊನ್ನೆಗೆ ಸುಮಾರು ವರ್ಷ ಮಕ್ಕೊ ಆಗದ್ದೆ, ಹರಕೆ ಹೇಳಿದ ಮತ್ತೆ ಅವಳಿ ಕೂಸುಗೊ ಹುಟ್ಟಿದವು, ಅಬ್ಬಗ ದಾರಗ ಹೇಳಿ. ಕೂಸುಗೊ ದೊಡ್ಡ ಆದವು, ಹರಕೆ ಮರದು ಹೋತು. ಒಂದು ದಿನ ಅಬ್ಬೆ-ಅಪ್ಪ ಮನೆಲಿ ಇಲ್ಲದ್ದಿಪ್ಪಗ ಅಕ್ಕ-ತಂಗೆ ಇಬ್ರೂ ಚೆನ್ನೆಮಣೆ ಮಡುಗಿ ಆಡ್ಲೆ ಕೂದವು. ಆಟಲ್ಲಿ ಪಿಸುರು ಬಂತು. ಒಂದು ಕೂಸು ಮಣೆಯನ್ನೇ ನೆಗ್ಗಿ ಇನ್ನೊಂದರ ತಲಗೆ ಬಡುದತ್ತು. ಅದು ಅಲ್ಲೇ ಜೀವ ಬಿಟ್ಟತ್ತು. ಮಾಡಿದ್ದೆಂತ ಹೇಳಿ ಗೊಂತಪ್ಪಗ ಬಡುದ ಕೂಸು ಬಾವಿಗೆ ಹಾರಿತ್ತು.

ಈ ಕತೆ ಕೇಳಿದ ದಿನ ಎನಗೆ ಇರುಳು ಒರಕ್ಕು ಬಯಿಂದಿಲ್ಲೆ. ಅಕ್ಕ ಕರೆಲಿ ಮನುಗಿತ್ತು. ಅದರ ತಲೆಯನ್ನೇ ನೋಡಿಗೊಂಡಿತ್ತಿದ್ದೆ.

ಇದು ಅಜ್ಜಿಯಕ್ಕೊ ಮಕ್ಕಳ ಹೆದರುಸುಲೆ ಕಟ್ಟಿದ ಸಣ್ಣ ಕತೆ ಹೇಳಿ ಗ್ರೇಶೆಡಿ. ಬೆಳ್ತಂಗಡಿ ಹೊಡೆಯ ಗೋಪಾಲ ನಾಯ್ಕರು 1990ರ ಡಿಸೆಂಬರಿಲ್ಲಿ ಸಿರಿಯ ಕತೆಯ ಸುರುವಿಂದ ಕಡೆವರೆಗೆ ಹಾಡಿದವು. ಅದಕ್ಕೆ ಆರು ದಿನ ಹಿಡುದತ್ತು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ನಮ್ಮವೇ ಆದ ವಿವೇಕ ರೈ, ಚಿನ್ನಪ್ಪ ಗೌಡ ಎಲ್ಲ ಸೇರಿ ಅದರ ದಾಖಲೆ ಮಾಡಿದವು. ಬರದಪ್ಪಗ 15,683 ಸಾಲು ಆತು, 1998ರಲ್ಲಿ ಪುಸ್ತಕ ಆಗಿ ಬಂತು. ಪೀಟರ್ ಕ್ಲಾಸ್ ಹೇಳುವ ಅಮೆರಿಕದ ವಿದ್ವಾಂಸ ಚೆನ್ನೆ ಆಟಕ್ಕೂ ಸಿರಿಯ ಆರಾಧನೆಗೂ ಇಪ್ಪ ಸಂಬಂಧದ ಮೇಲೆಯೇ ಲೇಖನ ಬರದ್ದವು. ನಂದಳಿಕೆ, ಕವತ್ತಾರಿನ ಸಿರಿಜಾತ್ರೆಲಿ ಹಿಂಗಾರ ಹಿಡುದು ಆವೇಶ ಬಪ್ಪ ಹೆಮ್ಮಕ್ಕಳ ನಿಂಗೊ ನೋಡಿಪ್ಪಿ. ಅಲ್ಲಿ ಸಿರಿ, ಸೊನ್ನೆ ಮಾಂತ್ರ ಅಲ್ಲ, ಅಬ್ಬಗ-ದಾರಗರೂ ಮೈಮೇಗೆ ಬಪ್ಪದು. ಆಟ ಆಡಿ ಸತ್ತ ಎರಡು ಕೂಸುಗೊಕ್ಕೆ ಇಂದಿಂಗೂ ಜಾಗೆ ಇದ್ದು.

ಆಟಂದಾಗಿ ಹಾಳಾದ ಗೆಂಡುಮಕ್ಕಳ ಕತೆ ನವಗೆ ಬೇಕಾದಷ್ಟು ಗೊಂತಿದ್ದು. ಧರ್ಮರಾಯ ಪಗಡೆಲಿ ರಾಜ್ಯ ಕಳಕ್ಕೊಂಡ, ನಳ ಜೂಜಿಲ್ಲಿ ಎಲ್ಲ ಕಳಕ್ಕೊಂಡ. ರಾಜರುಗಳ ಆಟಕ್ಕೆ ಪುಸ್ತಕವೂ ಇದ್ದು. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನಲ್ಲಿ ಬರೆಶಿದ ಮಾನಸೋಲ್ಲಾಸಲ್ಲಿ ಚದುರಂಗ, ಪಗಡೆಯ ವಿವರ ಬತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಂಗೆ (1794–1868) ಆಟದ ಹುಚ್ಚು ಎಷ್ಟು ಇತ್ತು ಹೇಳಿರೆ, ಹೊಸ ಹೊಸ ಆಟವನ್ನೇ ಕಟ್ಟಿದವು. ಜಗನ್ಮೋಹನ ಅರಮನೆಯ ಗೋಡೆಲಿ ಆ ಆಟದ ಮನೆಗಳ ಚಿತ್ರ ಇದ್ದು, ಮೈಸೂರಿಂಗೆ ಹೋದರೆ ನೋಡಿಕ್ಕಿ ಬನ್ನಿ. ಚೆನ್ನೆ ಕಲ್ತವು ಏವ ಪುಸ್ತಕವನ್ನೂ ನೋಡಿ ಕಲ್ತದಲ್ಲ. ಎದುರು ಕೂದವರ ಕೈ ನೋಡಿ ಕಲ್ತದು.

ಹಾಂಗೆ ಕೈಂದ ಕೈಗೆ ಹೋಗಿಯೂ ಈ ಆಟ ಎಷ್ಟು ದೂರ ಹೋಯಿದು ನೋಡಿ. ಘಟ್ಟದ ಮೇಗೆ ಅಳಗುಳಿಮಣೆ, ತಮಿಳರಲ್ಲಿ ಪಲ್ಲಾಂಗುಳಿ, ತೆಲುಗರಲ್ಲಿ ವಾಮನಗುಂಟಲು, ಸಿಂಹಳದವಕ್ಕೆ ಹೊಸ ವರ್ಷದ ಹಬ್ಬಲ್ಲಿ ಒಲಿಂದ ಕೆಳಿಯ, ಜಾವಾಲ್ಲಿ ದಾಕೋನ್. ಆಫ್ರಿಕಲ್ಲಿ ಅಂತೂ ಊರಿಂಗೊಂದು ಹೆಸರು. ಈ ನಮೂನೆ ಆಟಕ್ಕೆಲ್ಲ ಒಟ್ಟಿಂಗೆ ಮಂಕಲ ಹೇಳ್ತವು. ಅರಬ್ಬಿ ಭಾಷೆಲಿ ಒಂದಿಕೆಂದ ಇನ್ನೊಂದಿಕೆ ಸಾಗುಸುದು ಹೇಳುವ ಶಬ್ದಂದ ಬಂದ ಹೆಸರು. ಸ್ಟೀವರ್ಟ್ ಕ್ಯುಲಿನ್ ಹೇಳುವ ಅಮೆರಿಕದ ವಿದ್ವಾಂಸ 1890ರ ದಶಕಲ್ಲೇ ಇದರ ಆಫ್ರಿಕದ ರಾಷ್ಟ್ರೀಯ ಆಟ ಹೇಳಿ ಬರದಿತ್ತಿದ್ದ.

ಅಕ್ಕ-ತಂಗೆ ಆಡ್ಲಾಗ ಹೇಳುವ ಕಟ್ಟುಪಾಡಿನ ಬಗ್ಗೆ ಎನ್ನದೇ ಒಂದು ಲೆಕ್ಕ ಇದ್ದು. ಒಪ್ಪುದು ಬಿಡುದು ನಿಂಗಳ ಇಷ್ಟ. ಆಟಿ ಹೇಳಿರೆ ಜಡಿಮಳೆ, ಗೆದ್ದೆ ಕೆಲಸ ಮುಗುದಿರ್ತು, ಹೆರ ಹೋಪಲೆ ಎಡಿತ್ತಿಲ್ಲೆ. ಮದುವೆ ಆದ ಕೂಸುಗೊ ಅಪ್ಪನ ಮನೆಗೆ ಬಪ್ಪ ತಿಂಗಳುದೆ ಅದುವೇ. ಅಕ್ಕ-ತಂಗೆಕ್ಕೊ ವರ್ಷಲ್ಲಿ ಒಂದರಿ ಒಂದೇ ಸೂರಿನಡಿಲಿ ಸೇರುದು ಅಂಬಗ. ಆರಿಂಗೆ ಎಂತ ಕೊಟ್ಟವು, ಆರ ಗೆಂಡನ ಮನೆಲಿ ಎಷ್ಟು ತೋಟ, ಆರ ಕೈಬಳೆ ಎಷ್ಟು ತೂಕ ಹೇಳುವ ಲೆಕ್ಕವೂ ಮನಸ್ಸಿಲ್ಲಿ ಸುರುವಪ್ಪದು ಅಂಬಗಳೇ. ಆ ಲೆಕ್ಕದ ಮೇಗೆ ಈ ಲೆಕ್ಕದ ಆಟವನ್ನೂ ಮಡುಗಿರೆ ಎಂತಕ್ಕು? ಆಚಮನೆಯ ಚೆಂಙಾಯಿಗೆ ಸೋತರೆ ಹೊತ್ತೋಪಗ ಅದರ ಮನೆಗೆ ಅದು, ನಮ್ಮ ಮನೆಗೆ ನಾವು. ಅಕ್ಕಂಗೆ ಸೋತರೆ ಅದರ ಕರೆಲೇ ಉಣ್ಣೆಕ್ಕು, ಅದರ ಕರೆಲೇ ಮನುಗೆಕ್ಕು. ಕತೆ ಗೊಂತಿಪ್ಪ ಅಜ್ಜಿಯಕ್ಕೊ ಕೂಸುಗಳ ಆಚಮನೆಗೆ ಓಡುಸಿದ್ದು ಅದಕ್ಕೇ ಆಗಿಕ್ಕು ಹೇಳಿ ಎನಗೆ ಕಾಣ್ತು. ಹಾಂಗಾಗಿ ಊರಿಲ್ಲಿ ಚೆನ್ನೆ ಕಲ್ತ ಕೂಸುಗೊ ಹೆಚ್ಚಿನವುದೆ ಚೆಂಙಾಯಿಗಳಿಂದಲೇ ಕಲ್ತವು.

ಇಷ್ಟೆಲ್ಲ ಹೇಳುವ ಎನಗೂ ಅಕ್ಕಂಗೂ ಮೂರು ವರ್ಷ ಸರಿ ಮಾತಿತ್ತಿಲ್ಲೆ, ನಿಂಗೊಗೆ ಗೊಂತಿಪ್ಪದೇ. ಚೆನ್ನೆ ಆಡಿ ಅಲ್ಲ. ಅಬ್ಬೆ ಹೋದ ಮತ್ತೆ ಒಂದು ಜೊತೆ ಬಳೆಯ ವಿಷಯಲ್ಲಿ. ಆರದ್ದು ತಪ್ಪು ಹೇಳಿ ಇಲ್ಲಿ ಬರೆತ್ತಿಲ್ಲೆ, ಬರದರೆ ಎನ್ನ ಹೊಡೆಂಗೇ ಬರಗಷ್ಟೆ. ಆ ಪಾಲಿಲ್ಲಿ ಚೆನ್ನೆಮಣೆಯೂ ಇತ್ತು. ಅದರ ಆರೂ ಕೇಳಿದ್ದಿಲ್ಲೆ, ಕಡೆಂಗೆ ಎನ್ನಲ್ಲಿಗೆ ಬಂತು. ಒಂದು ಕೊಡಿಯ ಗೆದ್ದಲು ತಿಂದಿದು. ಕಾಯಿ ಲೆಕ್ಕ ಮಾಡಿರೆ 49. ಒಳುದ ಏಳಕ್ಕೆ ಪುಳಿಂಕೊಟೆ ಸೇರುಸಿದೆ.

ಕಳುದ ಆಟಿಲಿ ಆಚಮನೆಯ ಚೆಂಙಾಯಿ ಎನ್ನಲ್ಲಿಗೆ ಬಂದು ಎರಡು ದಿನ ನಿಂದತ್ತು. ಅದಕ್ಕೀಗ ಮೊಳಪ್ಪು ಬೇನೆ, ನೆಲಕ್ಕಲ್ಲಿ ಕೂಪಲೆ ಎಡಿತ್ತಿಲ್ಲೆ. ಮಣೆಯ ಊಟದ ಮೇಜಿಲ್ಲಿ ಮಡುಗಿದೆಯೊ. ಅಷ್ಟಪ್ಪಗ ಅಕ್ಕ ಬಂತು, ಫೋನೂ ಮಾಡಿತ್ತಿಲ್ಲೆ. ಕೈಲಿ ಪತ್ರೊಡೆಯ ಡಬ್ಬಿ. ಆನು "ಬಾ" ಹೇಳಿದೆ, ಅದು "ಹೂಂ" ಹೇಳಿತ್ತು. ಕಾಪಿ ಕುಡುದಿಕ್ಕಿ ಕುರ್ಶಿ ಎಳಕ್ಕೊಂಡು ಎನ್ನ ಕರೆಲಿ ಕೂದತ್ತು.

ಆನು ಎನ್ನ ಮೂರನೇ ಗುಳಿಗೆ ಕೈ ಹಾಕುಲೆ ಹೆರಟೆ. ಅಕ್ಕ ಕೆಮ್ಮಿತ್ತು. ಕೈಯ ಹಿಂದೆ ತೆಗದು ಐದನೇ ಗುಳಿಗೆ ಮಡುಗಿದೆ. ಅಕ್ಕ ಕೆಮ್ಮಿದ್ದಿಲ್ಲೆ. ಅಲ್ಲಿಂದಲೇ ತೆಗದೆ. ಎರಡು ಸುತ್ತು ಬಂದು ಹನ್ನೊಂದು ಕಾಯಿ ಸಿಕ್ಕಿತ್ತು.

"ಇದು ಕಳ್ಳಾಟ, ಆನು ಒಪ್ಪೆ" ಹೇಳಿ ಚೆಂಙಾಯಿ ಬೊಬ್ಬೆ ಹಾಕಿತ್ತು.

"ಎಂತ ಕಳ್ಳಾಟ?" ಹೇಳಿ ಕೇಳಿತ್ತು ಅಕ್ಕ. "ಅಜ್ಜಿ ಹೇಳಿದ್ದು ಎದುರೆದುರು ಕೂಪಲಾಗ ಹೇಳಿ. ಒಂದೇ ಹೊಡೆಲಿ ಕೂಪಲಾಗ ಹೇಳಿ ಹೇಳಿದ್ದೊ?"