ಲೆಕ್ಕ ಬರೆಯುವವರು, ಲೆಕ್ಕ ನೋಡುವವರು

ಸಣ್ಣ ವ್ಯಾಪಾರಕ್ಕೆ ಕೈಹಾಕಿದ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆಯೊಂದಿದೆ: "ಮೇಷ್ಟ್ರೇ, ಲೆಕ್ಕ ಬರೆಯಲು ಗುಮಾಸ್ತ ಸಾಕೆ, ಇಲ್ಲವೆ ಸಿ.ಎ. ಅವರ ಬಳಿಗೇ ಹೋಗಬೇಕೆ?" ನಾನು ಚರಿತ್ರೆ ಕಲಿಸಿದವನಾದ್ದರಿಂದ ಉತ್ತರವನ್ನೂ ಚರಿತ್ರೆಯಲ್ಲಿಯೇ ಹುಡುಕುತ್ತೇನೆ.

ನಮ್ಮ ಶಾಸನಗಳಲ್ಲಿ 'ಸೇನಬೋವ' ಎಂಬ ಪದ ಬರುತ್ತದೆ. ಅವನೇ ಮುಂದಿನ ಶಾನುಭೋಗ. ಊರಿನ ಹೊಲಗದ್ದೆ, ಕಂದಾಯ, ಬಾಕಿ ಎಲ್ಲವೂ ಅವನ ಕಡತದಲ್ಲಿ ಇರುತ್ತಿದ್ದವು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಪುಸ್ತಕವೇ ಕಡತ. ಬಳಪದ ಅಕ್ಷರವನ್ನು ಒರೆಸಿ ತಿದ್ದಬಹುದು. ಬರೆಯುವವನೂ ಶಾನುಭೋಗನೇ, ಓದಿ ಹೇಳುವವನೂ ಶಾನುಭೋಗನೇ. ಅಕ್ಷರ ಬಾರದ ರೈತನಿಗೆ ನಂಬುವುದೊಂದೇ ದಾರಿ. ಶಾನುಭೋಗರಲ್ಲಿ ಸತ್ಯವಂತರು ಬಹಳ ಮಂದಿ ಇದ್ದರು. ಆದರೆ ಆ ಸತ್ಯಕ್ಕೆ ಅವರ ಮಾತಲ್ಲದೆ ಬೇರೆ ಸಾಕ್ಷಿ ಇರಲಿಲ್ಲ. ವಂಶಪಾರಂಪರ್ಯದ ಈ ಅಧಿಕಾರವನ್ನು 1961ರ ಮೈಸೂರು ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ಕೊನೆಗೊಳಿಸಿತು. ಅದು 1963ರಲ್ಲಿ ಜಾರಿಗೆ ಬಂದು, ಸಂಬಳದ ಗ್ರಾಮಲೆಕ್ಕಿಗರು ಬಂದರು.

ಪೇಟೆಯಲ್ಲಿ ಶಾನುಭೋಗನ ಸ್ಥಾನದಲ್ಲಿದ್ದವನು ಗುಮಾಸ್ತ. ಪದ ಪಾರಸಿಯದು. ದಿನದ ವ್ಯವಹಾರವನ್ನು ಕಿರ್ದಿಯಲ್ಲಿ ಬರೆದು, ಅದನ್ನು ಖಾತೆವಾರು ಖತಾವಣಿಗೆ ಏರಿಸುವುದು ಅವನ ಕೆಲಸ. ಪಡೆದುದಕ್ಕೂ ಕೊಟ್ಟುದಕ್ಕೂ ಜೋಡಿ ನಮೂದು ಇರಬೇಕೆಂಬ ಪದ್ಧತಿಯನ್ನು ಇಟಲಿಯ ಸಂನ್ಯಾಸಿ ಲೂಕಾ ಪಾಚೋಲಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ವಿವರಿಸಿದನು. ಅವನು ಅದನ್ನು ಕಂಡುಹಿಡಿದವನಲ್ಲ. ಅಲ್ಲಿನ ವರ್ತಕರು ಅದಾಗಲೇ ಬಳಸುತ್ತಿದ್ದುದನ್ನು ಬರೆದಿಟ್ಟನು.

ಜೋಡಿ ನಮೂದು ಕೂಡಿಸುವಿಕೆಯ ತಪ್ಪನ್ನು ತೋರಿಸೀತು. ಬರೆಯದೆ ಬಿಟ್ಟುದನ್ನು ತೋರಿಸಲಾರದು. ನಾನು ಕೆಲಸ ಮಾಡಿದ ಊರೊಂದರಲ್ಲಿ ಜವಳಿ ಅಂಗಡಿಯೊಂದಿತ್ತು. ಗುಮಾಸ್ತರು ಪ್ರಾಮಾಣಿಕರು. ಅವರು ಹಠಾತ್ತಾಗಿ ತೀರಿಕೊಂಡಾಗ, ಅವರ ಸಂಕೇತಾಕ್ಷರಗಳನ್ನು ಓದಬಲ್ಲವರೇ ಇರಲಿಲ್ಲ. ಸಾಲ ಕೊಟ್ಟವರು ಚೀಟಿ ಹಿಡಿದು ಬಂದರು. ಉದ್ದರಿ ಒಯ್ದವರು ಬರಲಿಲ್ಲ. ಎರಡು ವರ್ಷಗಳಲ್ಲಿ ಅಂಗಡಿ ಮುಚ್ಚಿತು. ಅಲ್ಲಿ ಮೋಸ ನಡೆದಿರಲಿಲ್ಲ, ಎರಡನೆಯ ಕಣ್ಣು ಇರಲಿಲ್ಲ, ಅಷ್ಟೇ.

ಆ ಎರಡನೆಯ ಕಣ್ಣೇ ಲೆಕ್ಕಪರಿಶೋಧಕ. 1854ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದ ಲೆಕ್ಕಿಗರ ಸಂಘಕ್ಕೆ ರಾಜಸನ್ನದು ದೊರೆಯಿತು. 'ಚಾರ್ಟರ್ಡ್' ಎಂಬ ವಿಶೇಷಣದ ಮೂಲ ಆ ಸನ್ನದು. ಭಾರತದಲ್ಲಿ 1913ರ ಕಂಪನಿ ಕಾಯಿದೆ, ಪರಿಶೋಧಕರು ಸರ್ಕಾರದ ಪ್ರಮಾಣಪತ್ರ ಪಡೆದಿರಬೇಕೆಂದಿತು. 1949ರ ಜುಲೈ 1ರಂದು ನಮ್ಮದೇ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ ಹುಟ್ಟಿತು. ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿದ ವಹಿವಾಟಿನ ವ್ಯಾಪಾರಿಗಳು ಲೆಕ್ಕವನ್ನು ಅವರಿಂದ ಪರಿಶೋಧಿಸಿಕೊಳ್ಳಬೇಕೆಂಬ ನಿಯಮವನ್ನು 1984ರ ಹಣಕಾಸು ಕಾಯಿದೆ ತಂದಿತು. ಮುಂದೆ ಆ ಮಿತಿ ಏರುತ್ತ ಬಂದಿದೆ. ಇನ್ನು 2013ರ ಕಂಪನಿ ಕಾಯಿದೆಯ 144ನೆಯ ಕಲಮಿನ ಪ್ರಕಾರ, ಕಂಪನಿಯ ಲೆಕ್ಕ ಪರಿಶೋಧಿಸುವವರು ಅದೇ ಕಂಪನಿಯ ಲೆಕ್ಕ ಬರೆಯುವಂತಿಲ್ಲ. ಕಡತದ ಕಾಲದಲ್ಲಿ ಒಬ್ಬನೇ ಆಗಿದ್ದವನನ್ನು ಕಾನೂನು ಹೀಗೆ ಇಬ್ಬರನ್ನಾಗಿ ಮಾಡಿತು.

ಆದ್ದರಿಂದ ಇದು ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಆರಿಸುವ ಮಾತಲ್ಲ. ಬರೆಯುವ ಕೆಲಸ ದಿನದಿನದ್ದು. ಅದಕ್ಕೆ ಶಿಸ್ತಿನ ಗುಮಾಸ್ತ ಸಾಕು, ದೊಡ್ಡ ಸಂಭಾವನೆ ಬೇಕಿಲ್ಲ. ನೋಡುವ ಕೆಲಸ ವರ್ಷಕ್ಕೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಬರುವಂಥದ್ದು. ತೆರಿಗೆ, ಸಾಲ, ಪಾಲುದಾರಿಕೆ ಮುಂತಾದ ತೀರ್ಮಾನಗಳಿಗೆ ಕಲಿತವರೇ ಬೇಕು. ಗುಮಾಸ್ತನ ಕೆಲಸಕ್ಕೆ ಸಿ.ಎ. ಅವರನ್ನು ಕರೆದರೆ ಹಣ ವ್ಯರ್ಥ, ಸಿ.ಎ. ಅವರ ಕೆಲಸವನ್ನು ಗುಮಾಸ್ತನಿಗೆ ಹೊರಿಸಿದರೆ ಅವನಿಗೂ ಅನ್ಯಾಯ.

ಇವರಿಬ್ಬರೂ ಇದ್ದಾರೆಂದು ಯಜಮಾನ ನಿಶ್ಚಿಂತನಾಗುವಂತಿಲ್ಲ. ಹಳೆಯ ವರ್ತಕರು ರಾತ್ರಿ ಕದ ಹಾಕುವ ಮುನ್ನ ಪೆಟ್ಟಿಗೆಯ ನಗದನ್ನು ಎಣಿಸಿ ಕಿರ್ದಿಯ ಶಿಲ್ಕಿಗೆ ತಾಳೆ ನೋಡುತ್ತಿದ್ದರು. ಗಣಕಯಂತ್ರ ಬಂದ ಮೇಲೂ ಆ ಕೆಲಸ ಯಜಮಾನನದೇ.