ಬಣ್ಣ ಕಮ್ಮಿ

ನಮ್ಮ ಕಡೆಯ ಮದುವೆ ಮಾತುಕತೆಗಳಲ್ಲಿ ಒಂದು ಮಾತು ಬಳಕೆಯಲ್ಲಿದೆ. "ಹುಡುಗಿ ಒಳ್ಳೆಯವಳು, ಕಲಿತಿದ್ದಾಳೆ, ಆದರೆ ಬಣ್ಣ ಸ್ವಲ್ಪ ಕಮ್ಮಿ." ಸಮಾಜ ಪಾಠ ಮಾಡುವ ನನಗೆ ಈ ಮಾತು ತಲೆಕೆಳಗು ಎಂದು ತಿಳಿಸಿದವರು ನಮ್ಮ ಶಾಲೆಯ ವಿಜ್ಞಾನದ ಟೀಚರು. ಚರ್ಮಕ್ಕೆ ಬಣ್ಣ ಬರುವುದು ಮೆಲನಿನ್ ಎಂಬ ವಸ್ತುವಿನಿಂದ. ಅದನ್ನು ತಯಾರಿಸುವ ಜೀವಕೋಶಗಳು ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿರುತ್ತವೆ. ಕಪ್ಪಗಿನವರ ಮೈಯಲ್ಲಿ ಅವು ಹೆಚ್ಚು ಮೆಲನಿನ್ ತಯಾರಿಸುತ್ತವೆ, ಅಷ್ಟೇ. ಅದು ಸುಡುಬಿಸಿಲಿನಿಂದ ಮೈಯನ್ನು ಕಾಯುತ್ತದೆ. ಅಂದರೆ ಬಣ್ಣ ಹೆಚ್ಚಿದ್ದವಳನ್ನೇ ನಾವು ಬಣ್ಣ ಕಮ್ಮಿ ಎನ್ನುತ್ತಿದ್ದೇವೆ!

ಈ ಮಾತು ಉಡುಪಿಯಂಥ ಊರಿನಲ್ಲಿ ಹೇಗೆ ಬೇರುಬಿಟ್ಟಿತೋ! ಹದಿಮೂರನೇ ಶತಮಾನದಲ್ಲಿ ಮಧ್ವಾಚಾರ್ಯರು ಇಲ್ಲಿ ಪ್ರತಿಷ್ಠಾಪಿಸಿದ ದೇವರ ಹೆಸರಿನ ಅರ್ಥವೇ ಕಪ್ಪು. ಮೂರ್ತಿಯೂ ಕಪ್ಪು ಶಿಲೆಯದೇ. ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದೂ ಮೈಬಣ್ಣದಿಂದ. ಕಾರ್ಕಳಕ್ಕೆ ಆ ಹೆಸರು ಬಂದದ್ದು ಕರಿಕಲ್ಲಿನಿಂದ ಎನ್ನುತ್ತಾರೆ. ಅಲ್ಲಿ 1432ರಲ್ಲಿ ನಿಂತ 42 ಅಡಿಯ ಗೊಮ್ಮಟನ ಬಣ್ಣ ಕಮ್ಮಿಯೆಂದು ಯಾರೂ ಹೇಳಿದ್ದಿಲ್ಲ. ಕಲ್ಲಿನಲ್ಲಿ ಕಪ್ಪನ್ನು ಕೈಮುಗಿದು ಒಪ್ಪಿದವರು ಮನೆಯ ಹೆಣ್ಣುಮಕ್ಕಳಲ್ಲಿ ಮಾತ್ರ ಒಪ್ಪಲಿಲ್ಲ. "ಬಿಸಿಲಿಗೆ ಹೋಗಬೇಡ, ಕಪ್ಪಾಗ್ತಿ" ಎಂಬ ಬುದ್ಧಿಮಾತಿನಲ್ಲಿ ಕಾರಣದ ಒಂದು ಎಳೆ ಸಿಗುತ್ತದೆ. ಗದ್ದೆಯಲ್ಲಿ ನೇಜಿ ನೆಡುವವಳು, ಮಲ್ಪೆ ಕಾಪು ಕಡೆ ಮೀನಿನ ಬುಟ್ಟಿ ಹೊರುವವಳು ಬಿಸಿಲಿನಲ್ಲಿರಬೇಕು. ಒಡತಿಗೆ ಚಾವಡಿಯ ನೆರಳಿತ್ತು. ನಾವು ಬಣ್ಣ ಎಂದದ್ದು ಬಹಳ ಮಟ್ಟಿಗೆ ದುಡಿಮೆಯನ್ನೂ ಅಂತಸ್ತನ್ನೂ.

ಈ ಹಳೆಯ ಅಳುಕನ್ನು ಡಬ್ಬಿಗೆ ತುಂಬಿ ಮಾರುವ ಕೆಲಸ ಆಮೇಲೆ ನಡೆಯಿತು. 1919ರಲ್ಲೇ ಮುಂಬಯಿಯಿಂದ ಅಫ್ಘಾನ್ ಸ್ನೋ ಬಂದಿತ್ತು. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು. ಅದರ ಜಾಹೀರಾತುಗಳಲ್ಲಿ ಕಪ್ಪು ಹುಡುಗಿಗೆ ಕೆಲಸವಿಲ್ಲ, ವರನಿಲ್ಲ. ಬೆಳ್ಳಗಾದ ಮೇಲೆ ಎರಡೂ ಉಂಟು. 1994ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿಯಾದಾಗ ನಮ್ಮ ಜಿಲ್ಲೆಗೆ ಹಬ್ಬವೇ ಹಬ್ಬ. ಹೆಮ್ಮೆ ಪಟ್ಟದ್ದು ತಪ್ಪಲ್ಲ. ಆದರೆ ಚೆಲುವೆಂದರೆ ಬಿಳಿ ಬಣ್ಣ, ಬೆಕ್ಕಿನ ಕಣ್ಣು ಎಂಬ ಅಳತೆಗೋಲು ಆ ಹೆಮ್ಮೆಯ ಜೊತೆಗೇ ಮನೆಯೊಳಗೆ ಬಂತು. 1996ರ ನವೆಂಬರಿನಲ್ಲಿ ಅದೇ ಸ್ಪರ್ಧೆ ಬೆಂಗಳೂರಿನಲ್ಲಿ ನಡೆದಾಗ ದೊಡ್ಡ ಪ್ರತಿಭಟನೆಯಾಯಿತು. ಬೀದಿಯಲ್ಲಿ ಕೇಳಿದ್ದು ಉಡುಪಿನ ಮಾತು, ಸಂಸ್ಕೃತಿಯ ಮಾತು, ಹೆಣ್ಣನ್ನು ಸರಕು ಮಾಡುವ ಮಾತು. ಬಣ್ಣದ ಮಾತು ಕೇಳಿದ್ದು ಕಡಿಮೆ.

ಆ ವರ್ಷಗಳಲ್ಲಿ ನಾನಿದ್ದ ಒಂದು ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಕೃಷ್ಣನ ಕತೆ ಆಡಿಸಿದರು. ಕೃಷ್ಣನ ಪಾತ್ರಕ್ಕೆ ತರಗತಿಯಲ್ಲೇ ಅತಿ ಬೆಳ್ಳಗಿನ ಮಗುವನ್ನು ಆರಿಸಿ, ಮೈಗೆಲ್ಲ ನೀಲಿ ಹಚ್ಚುವುದೆಂದು ತೀರ್ಮಾನವಾಯಿತು. ಐದನೆಯ ತರಗತಿಯ ಎಣ್ಣೆಗಪ್ಪಿನ ಹುಡುಗಿಯೊಬ್ಬಳು ನನ್ನ ಬಳಿ ಬಂದು, "ಟೀಚರೇ, ಕೃಷ್ಣ ಕಪ್ಪಲ್ಲವಾ? ನನಗಾದರೆ ಬಣ್ಣ ಹಚ್ಚುವುದೇ ಬೇಡ" ಎಂದಳು. ನಾನು ಅವಳ ಪರವಾಗಿ ವಾದಿಸಿದೆ. "ಸ್ಟೇಜಿನಲ್ಲಿ ಮುಖ ಕಾಣುವುದಿಲ್ಲ" ಎಂಬ ಉತ್ತರ ಬಂತು. ಅವಳಿಗೆ ಪೂತನಿಯ ಪಾತ್ರ ಕೊಟ್ಟರು. ಆ ಪಾತ್ರಕ್ಕೆ ಮುಖ ಚೆನ್ನಾಗಿಯೇ ಕಂಡಿತು!

ಹಿಂದಿಯ "ಬಾಲಾ" ಚಿತ್ರ ನೋಡಿದಾಗ ಈ ನೀಲಿ ಬಣ್ಣ ನೆನಪಾಯಿತು. ಆ ಚಿತ್ರಕ್ಕೂ ನಮ್ಮ ಕರಾವಳಿಗೂ ಒಂದು ನಂಟಿದೆ. 2017ರಲ್ಲಿ ರಾಜ್ ಬಿ. ಶೆಟ್ಟಿಯವರು ಮಂಗಳೂರಿನ ಹಿನ್ನೆಲೆಯಲ್ಲಿ "ಒಂದು ಮೊಟ್ಟೆಯ ಕಥೆ" ಮಾಡಿದರು. ಬೋಳುತಲೆಯ ಕನ್ನಡ ಉಪನ್ಯಾಸಕನಿಗೆ ಹೆಣ್ಣು ಸಿಗುವುದಿಲ್ಲ. ತಲೆ ನೋಡಿ ತನ್ನನ್ನು ಅಳೆಯುತ್ತಾರೆಂದು ನೋಯುವ ಅವನೂ ಹೆಣ್ಣಿನಲ್ಲಿ ಹುಡುಕುವುದು ಚೆಲುವನ್ನೇ. ನಗುನಗುತ್ತಾ ಚಿವುಟುವ ಈ ಚಿತ್ರ 2019ರಲ್ಲಿ "ಉಜ್ಡಾ ಚಮನ್" ಎಂದು ಹಿಂದಿಗೆ ಹೋಯಿತು. ಅದೇ ನವೆಂಬರಿನಲ್ಲಿ, ಅದೇ ಬೋಳುತಲೆಯ ವಸ್ತುವಿನ "ಬಾಲಾ" ಕೂಡ ಬಂದು, ಎರಡು ಚಿತ್ರತಂಡಗಳ ನಡುವೆ ಜಗಳವೇ ಆಯಿತು.

"ಬಾಲಾ"ದಲ್ಲಿ ಕಾನ್ಪುರದ ಬಾಲಾ ಬಿಳಿ ಮಾಡುವ ಕ್ರೀಮು ಮಾರುವವನು. ಲತಿಕಾ ಎಂಬ ಕಪ್ಪು ಬಣ್ಣದ ವಕೀಲೆಯನ್ನು ಶಾಲೆಯ ದಿನಗಳಿಂದ ಹಂಗಿಸಿದವನು. ಕೊನೆಗೆ ಬುದ್ಧಿ ಬಂದು ಪ್ರೀತಿ ಹೇಳಿಕೊಂಡಾಗ ಅವಳು ಒಪ್ಪುವುದಿಲ್ಲ. ಅವನ ತಿದ್ದುಪಡಿಗೆ ಬಹುಮಾನವಾಗಿ ಅವಳನ್ನು ಕೊಡದಿದ್ದುದು ಕತೆಯ ದೊಡ್ಡ ಗುಣ. ಆದರೆ ಲತಿಕಾಳ ಪಾತ್ರಕ್ಕೆ ಬೆಳ್ಳಗಿನ ಭೂಮಿ ಪೆಡ್ನೇಕರ್ ಅವರನ್ನು ತಂದು ಮುಖಕ್ಕೆ ಕಪ್ಪು ಬಳಿದರು. ಕಪ್ಪು ಹುಡುಗಿಯ ಕತೆ ಹೇಳುವ ಚಿತ್ರದಲ್ಲೂ ಕಪ್ಪು ಹುಡುಗಿಗೆ ಜಾಗ ಸಿಗಲಿಲ್ಲ. ನಮ್ಮ ಶಾಲೆಯ ಆ ಸ್ಟೇಜಿಗೂ ಮುಂಬಯಿಯ ಸಿನಿಮಾಕ್ಕೂ ದೂರ ಎಷ್ಟು?

ಬದಲಾವಣೆ ಆಗಿಲ್ಲವೆಂದಲ್ಲ. ಕಪ್ಪು ಬಣ್ಣವನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತುಗಳಿಗೆ 2014ರಲ್ಲಿ ಮಾರ್ಗಸೂಚಿ ಬಂತು. 2020ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯನನ್ನು ಪೊಲೀಸರು ಕೊಂದ ಮೇಲೆ ಎದ್ದ ಅಲೆ ಇಲ್ಲಿಯವರೆಗೂ ಮುಟ್ಟಿತು. ಜುಲೈಯಲ್ಲಿ ಆ ಹಳೆಯ ಕ್ರೀಮು ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಾಯಿಸಿಕೊಂಡಿತು. ಡಬ್ಬಿಯ ಮೇಲಿನ ಒಂದು ಶಬ್ದ ಹೋಗಲು 45 ವರ್ಷ ಹಿಡಿಯಿತು.

ಮನೆಯ ಮಾತು ಬದಲಾಗಲು ಕಂಪನಿಯ ಅಪ್ಪಣೆ ಬೇಕಿಲ್ಲ. "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎಂದು ಹೊಗಳುವ ಹಿರಿಯರಿಗೆ ನಾನು ಈಗ ನೇರವಾಗಿಯೇ ಹೇಳುತ್ತೇನೆ: ಆ "ಆದರೂ" ಬಿಟ್ಟು ಹೇಳಿ ನೋಡಿ. ಹಾಗೆಯೇ ಈಗಲೂ ಅಷ್ಟಮಿಗೆ ಕೃಷ್ಣವೇಷದ ಸ್ಪರ್ಧೆಗಳು ನಡೆಯುತ್ತವೆ. ಕಿರೀಟ, ನವಿಲುಗರಿ, ಕೊಳಲು ಎಲ್ಲ ಇರಲಿ. ಮೈಬಣ್ಣ ಮಾತ್ರ ಮಗುವಿನದೇ ಇರಲಿ.