ಬಾರ್ಜ್ ಬಡಿದು ಸೇತುವೆ ಬಿದ್ದರೆ ಊರಿನ ಗತಿ ಏನು? ಅಮೆರಿಕದ ಕೆಲವು ಘಟನೆಗಳು, ಜನರ ಪ್ರತಿಕ್ರಿಯೆ

ಬಾರ್ಜ್ ಅಂದ್ರೆ ಸರಕು ತುಂಬುವ ಚಪ್ಪಟೆ ತಳದ ದೊಡ್ಡ ದೋಣಿ. ಸಾಮಾನ್ಯವಾಗಿ ಇದಕ್ಕೆ ಸ್ವಂತ ಎಂಜಿನ್ ಇರೋದಿಲ್ಲ. ಟಗ್ ದೋಣಿಯೊಂದು ಹಲವು ಬಾರ್ಜ್‌ಗಳನ್ನು ಒಟ್ಟಿಗೆ ಕಟ್ಟಿಕೊಂಡು ತಳ್ಳುತ್ತದೆ ಅಥವಾ ಎಳೆಯುತ್ತದೆ. ತುಂಬಿದ ಬಾರ್ಜ್ ಒಮ್ಮೆ ದಾರಿ ತಪ್ಪಿದರೆ ತಕ್ಷಣ ನಿಲ್ಲಿಸಲು ಆಗೋದಿಲ್ಲ. ಅಪಾಯ ಇರೋದೇ ಇಲ್ಲಿ.

ಟೆಕ್ಸಾಸ್: ದ್ವೀಪಕ್ಕಿದ್ದ ಒಂದೇ ರಸ್ತೆ ಕಡಿತ

2001ರ ಸೆಪ್ಟೆಂಬರ್ 15, ಶನಿವಾರ ನಸುಕಿನ ಸುಮಾರು 2 ಗಂಟೆ. ಟೆಕ್ಸಾಸ್ ರಾಜ್ಯದ ಪೋರ್ಟ್ ಇಸಾಬೆಲ್ ಊರನ್ನು ಸೌತ್ ಪಾಡ್ರೆ ದ್ವೀಪಕ್ಕೆ ಜೋಡಿಸುವ ಕ್ವೀನ್ ಇಸಾಬೆಲ್ಲಾ ಸೇತುವೆಗೆ, ಟಗ್ ತಳ್ಳಿಕೊಂಡು ಬರುತ್ತಿದ್ದ 4 ಬಾರ್ಜ್‌ಗಳ ಸಾಲು ಬಡಿಯಿತು. ಹಡಗು ಹೋಗುವ ದಾರಿ ಬಿಟ್ಟು ಪಕ್ಕದ ಕಂಬಕ್ಕೆ ತಾಗಿತ್ತು. ಸುಮಾರು 160 ಅಡಿ ರಸ್ತೆ ನೀರಿಗೆ ಬಿತ್ತು. ಅದೇ ದಿನ ಮತ್ತೊಂದು ಭಾಗವೂ ಕುಸಿಯಿತು.

ಸೇತುವೆ ನಡುವಿನಲ್ಲಿ ಎತ್ತರಕ್ಕೆ ಏರಿ ಇಳಿಯುತ್ತದೆ. ಕತ್ತಲಲ್ಲಿ ಮುಂದೆ ರಸ್ತೆಯೇ ಇಲ್ಲ ಅನ್ನೋದು ವಾಹನದವರಿಗೆ ಕಾಣಲಿಲ್ಲ. 8 ಜನ ಸತ್ತರು. 3 ಜನ ಉಳಿದರು. ಅವರನ್ನು ಮೊದಲು ಕಾಪಾಡಿದ್ದು ಹತ್ತಿರದಲ್ಲೇ ರಾತ್ರಿ ಮೀನು ಹಿಡಿಯುತ್ತಿದ್ದವರು.

ಮೊದಲು ಬಂದದ್ದು ಭಯ

ನ್ಯೂಯಾರ್ಕ್‌ನ ಅವಳಿ ಕಟ್ಟಡಗಳ ಮೇಲೆ ದಾಳಿ ನಡೆದು ಆಗ ಬರೀ 4 ದಿನ. ಹೀಗಾಗಿ ಇದೂ ಭಯೋತ್ಪಾದಕರ ಕೆಲಸವೇ ಇರಬೇಕು ಅಂತ ಹಲವರು ಅಂದುಕೊಂಡರು. ಅಪಘಾತ ಅಂತ ಗೊತ್ತಾದ ಮೇಲೆ ಪ್ರಶ್ನೆ ಬದಲಾಯಿತು: ಮುಂದೆ ಓಡಾಟ ಹೇಗೆ?

ಅಂಗಡಿ, ಹೋಟೆಲಿನವರ ಚಿಂತೆ

ಸೌತ್ ಪಾಡ್ರೆ ಪ್ರವಾಸಿಗರನ್ನೇ ನಂಬಿದ ಊರು. ಖಾಯಂ ನಿವಾಸಿಗಳು ಆಗ ಸುಮಾರು 2,400. ಹೋಟೆಲ್, ಅಂಗಡಿಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ದಿನಾ ಸೇತುವೆ ದಾಟಿ ಬರುವವರು. ಸೇತುವೆ ಇಲ್ಲ ಅಂದ್ರೆ ಗಿರಾಕಿ ಇಲ್ಲ, ಕೆಲಸದವರೂ ಇಲ್ಲ. ದೋಣಿ ಸೇವೆ ಶುರುವಾಯಿತು. ಆದರೆ 3.8 ಕಿ.ಮೀ. ರಸ್ತೆಯಲ್ಲಿ ಯಾವಾಗ ಬೇಕಾದರೂ ಹೋಗಿ ಬರುವ ಅನುಕೂಲ ದೋಣಿಗೆ ಎಲ್ಲಿಂದ ಬರಬೇಕು?

ದುರಸ್ತಿ ಹಗಲು ರಾತ್ರಿ ನಡೆಯಿತು. ನವೆಂಬರ್ 21ಕ್ಕೆ, ಅಂದ್ರೆ ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ಸೇತುವೆ ಮತ್ತೆ ತೆರೆಯಿತು. ಒಟ್ಟು 67 ದಿನ. ಹಬ್ಬದ ವ್ಯಾಪಾರ ಸಿಕ್ಕಿತು. ಆದರೆ ಒಂದೇ ಸೇತುವೆ ನಂಬಿ ಕೂರಬಾರದು, ಎರಡನೆಯದು ಬೇಕು ಎಂಬ ಮಾತು ಆಮೇಲೂ ನಿಲ್ಲಲಿಲ್ಲ.

ಇನ್ನೂ ಕೆಲವು ಘಟನೆಗಳು

* ಅಲಬಾಮಾ, 1993ರ ಸೆಪ್ಟೆಂಬರ್ 22: ಮಂಜಿನಲ್ಲಿ ದಾರಿ ತಪ್ಪಿದ ಬಾರ್ಜ್ ರೈಲು ಸೇತುವೆಗೆ ತಾಗಿ ಹಳಿ ಸರಿಯಿತು. ಕೆಲವೇ ನಿಮಿಷದಲ್ಲಿ ಪ್ರಯಾಣಿಕರ ರೈಲು ಬಂತು. 47 ಸಾವು.
* ಒಕ್ಲಹೋಮಾ, 2002ರ ಮೇ 26: ಟಗ್ ನಡೆಸುತ್ತಿದ್ದವರಿಗೆ ಪ್ರಜ್ಞೆ ತಪ್ಪಿ ಬಾರ್ಜ್‌ಗಳು ಹೆದ್ದಾರಿ ಸೇತುವೆಗೆ ಬಡಿದವು. 14 ಸಾವು. ಅಲ್ಲೂ ಮೀನು ಹಿಡಿಯಲು ಬಂದಿದ್ದವರೇ ಫ್ಲೇರ್ ಹಾರಿಸಿ ಲಾರಿ ನಿಲ್ಲಿಸಿದರು. ಹೆದ್ದಾರಿಯ ಲಾರಿಗಳೆಲ್ಲ ಸುತ್ತಲಿನ ಸಣ್ಣ ಊರುಗಳ ರಸ್ತೆಗೆ ತಿರುಗಿದವು. ಸೇತುವೆ ತೆರೆದದ್ದು ಜುಲೈ ಕೊನೆಗೆ.
* ಟೆಕ್ಸಾಸ್‌ನ ಗ್ಯಾಲ್ವೆಸ್ಟನ್, 2024ರ ಮೇ 15: ಟಗ್‌ನಿಂದ ಬಿಡಿಸಿಕೊಂಡ ಬಾರ್ಜ್ ಪೆಲಿಕನ್ ದ್ವೀಪದ ಸೇತುವೆಗೆ ಬಡಿದು ಎಣ್ಣೆ ಸೋರಿತು. ಇಲ್ಲೂ ದ್ವೀಪಕ್ಕೆ ಅದೊಂದೇ ರಸ್ತೆ. 1960ರ ಸೇತುವೆಯನ್ನು ಬದಲಿಸಿ ಎಂಬ ಹಳೇ ಬೇಡಿಕೆಗೆ ಮತ್ತೆ ಜೀವ ಬಂತು.

ಎಲ್ಲ ಕಡೆ ಒಂದೇ ಪಾಠ

ಪೊಲೀಸರು, ಅಧಿಕಾರಿಗಳು ಬರುವ ಮೊದಲೇ ಜೀವ ಉಳಿಸಿದ್ದು ನೀರಿನ ಮೇಲಿದ್ದ ಸಾಮಾನ್ಯ ಜನ. ಬಡಿತಕ್ಕೆ ಸಿಕ್ಕಿ ಸತ್ತವರಿಗಿಂತ, ಸೇತುವೆ ಮುರಿದದ್ದು ತಿಳಿಯದೆ ಆಮೇಲೆ ಬಂದು ಬಿದ್ದವರ ವಿಷಯವೇ ಜನರನ್ನು ಹೆಚ್ಚು ಕಾಡಿತು. ಬಾರ್ಜ್ ಯಾಕೆ ಬಡಿಯಿತು ಅನ್ನೋದರ ಜೊತೆಗೆ, ವಾಹನಗಳನ್ನು ಯಾರೂ ಯಾಕೆ ತಡೆಯಲಿಲ್ಲ ಅನ್ನೋದೂ ದೊಡ್ಡ ಪ್ರಶ್ನೆಯಾಯಿತು.

ಕ್ವೀನ್ ಇಸಾಬೆಲ್ಲಾ ಸೇತುವೆಯಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಯಾವ ಭಾಗ ಕುಸಿದರೂ ದೀಪ ಹೊತ್ತಿಸಿ ವಾಹನಗಳನ್ನು ನಿಲ್ಲಿಸುವ ಎಚ್ಚರಿಕೆ ವ್ಯವಸ್ಥೆಯನ್ನು ಆಮೇಲೆ ಅಳವಡಿಸಿದರು. ಸತ್ತವರ ನೆನಪಿಗೆ ಸೇತುವೆಯ ಹೆಸರಿಗೇ ‘ಮೆಮೋರಿಯಲ್’ ಪದ ಸೇರಿತು. ಪೋರ್ಟ್ ಇಸಾಬೆಲ್‌ನಲ್ಲಿ ಅವರ ಸ್ಮಾರಕವೂ ಇದೆ.